ಹೆಂಜೇರಿಗೆ ಒಂದು ಪ್ರಯಾಣ: ಮಕ್ಕಳೊಡನೆ ನೊಳಂಬರ ರಾಜಧಾನಿಗೆ

ದಸರಾ ರಜೆ ಸಮೀಪಿಸಿದಂತೆ ನಮ್ಮ ಕನ್ನಡ ಶಾಲೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಮೈಸೂರು, ಬೇಲೂರು, ಹಂಪೆ, ಜೋಗ: ಪಟ್ಟಿಯಲ್ಲಿರುವ ಹೆಸರುಗಳು ಹೆಚ್ಚುಕಡಿಮೆ ಇವೇ. ಇವೆಲ್ಲವೂ ನೋಡತಕ್ಕ ಸ್ಥಳಗಳೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷವರ್ಷವೂ ಇದೇ ಪಟ್ಟಿಯನ್ನು ಕೇಳುತ್ತ ಬೆಳೆದ ಮಗುವಿನ ಮನಸ್ಸಿನಲ್ಲಿ ಒಂದು ತಪ್ಪು ಭಾವನೆ ನೆಲೆಯೂರುತ್ತದೆ: ಕನ್ನಡದ ಚರಿತ್ರೆಯೆಂಬುದು ಗಡಿಯ ಆಚೆ ನಡೆದದ್ದು, ನಾವು ಬಸ್ಸು ಹತ್ತಿ ಹೋಗಿ ಅದನ್ನು ನೋಡಿ ಬರಬೇಕಾದವರು ಎಂದು. ಈ ಭಾವನೆಯನ್ನು ಅಳಿಸಬಲ್ಲ ಊರೊಂದು ನಮ್ಮ ನೆಲದಲ್ಲಿಯೇ ಇದೆ. ಅದು ಮಡಕಶಿರ ಸೀಮೆಯ ಅಮರಾಪುರ ಮಂಡಲದ ಹೇಮಾವತಿ. ಈ ಬಾರಿಯ ಪ್ರವಾಸ ಅಲ್ಲಿಗೇ ಆಗಲಿ ಎಂಬುದು ನನ್ನ ಸಲಹೆ. ಅದನ್ನು ಹೇಗೆ ಯೋಜಿಸಬಹುದೆಂಬುದನ್ನು ಇಲ್ಲಿ ತಿಳಿಸಿದ್ದೇನೆ.

ಇಂದು ಚಿಕ್ಕ ಗ್ರಾಮವಾಗಿ ಕಾಣುವ ಹೇಮಾವತಿ ಒಂದು ಕಾಲದಲ್ಲಿ ಹೆಂಜೇರು ಎಂಬ ಹೆಸರಿನ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬ ಪಲ್ಲವರು ಇಲ್ಲಿಂದ ರಾಜ್ಯಭಾರ ಮಾಡಿದರು. ಇಂದಿನ ಅನಂತಪುರ, ಚಿತ್ರದುರ್ಗ, ತುಮಕೂರು, ಕೋಲಾರ ಸೀಮೆಗಳ ಭಾಗಗಳು ಅವರ ಆಳ್ವಿಕೆಗೆ ಒಳಪಟ್ಟಿದ್ದವು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಮಹೇಂದ್ರ ನೊಳಂಬನ ಕಾಲಕ್ಕೆ ಅವರ ಅಧಿಕಾರ ಈಗಿನ ತಮಿಳುನಾಡಿನ ಧರ್ಮಪುರಿಯವರೆಗೆ ಹಬ್ಬಿತ್ತು. ರಾಷ್ಟ್ರಕೂಟರು ಮತ್ತು ಗಂಗರೊಡನೆ ಅವರದು ಒಮ್ಮೆ ಮೈತ್ರಿ, ಒಮ್ಮೆ ಕಾಳಗ. ಗಂಗರ ಮಾರಸಿಂಹನು ‘ನೊಳಂಬಕುಲಾಂತಕ’ ಎಂಬ ಬಿರುದನ್ನೇ ಧರಿಸಿದ. ಮುಂದೆ ಚೋಳರ ದಂಡಯಾತ್ರೆಯ ಕಾಲದಲ್ಲಿ ನೊಳಂಬರ ಕುಸುರಿಗೆಲಸದ ಕಂಬಗಳು ಗೆಲುವಿನ ಗುರುತಾಗಿ ಕಾವೇರಿ ತೀರದ ತಿರುವೈಯಾರನ್ನು ಸೇರಿದವು. ಅವು ಇಂದಿಗೂ ಅಲ್ಲಿನ ದೇವಾಲಯದಲ್ಲಿ ನಿಂತಿವೆ. ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿಯೂ ನೊಳಂಬ ಶಿಲ್ಪಗಳಿವೆ. ಅವುಗಳನ್ನು ಕುರಿತು ಸಿ. ಶಿವರಾಮಮೂರ್ತಿಯವರು 1964ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಹೀಗೆ ದೂರದವರು ಹೊತ್ತೊಯ್ದು ಕಾಪಾಡಿಕೊಂಡ ಕಲೆಯ ತವರನ್ನು ಹತ್ತಿರದ ನಾವು ನೋಡದೆ ಉಳಿದಿದ್ದೇವೆ.

ಐತಿಹಾಸಿಕ ನಗರವೊಂದಕ್ಕೆ ಹೋಗುವುದೆಂದರೆ ಜಗತ್ತಿನಲ್ಲಿ ಜನ ಎಷ್ಟು ಸಿದ್ಧತೆ ಮಾಡುತ್ತಾರೆಂಬುದಕ್ಕೆ ಸ್ಪೇನ್ ದೇಶದ ಗ್ರನಾಡವನ್ನು ನೆನೆಯಬಹುದು. ಅಲ್ಲಿನ ಅಲ್ಹಂಬ್ರ ಅರಮನೆಯನ್ನು ಯುನೆಸ್ಕೊ 1984ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದನ್ನು ನೋಡಬಯಸುವವರು ಬಹಳ ಮುಂಚೆಯೇ ಚೀಟಿ ಕಾಯ್ದಿರಿಸಿ, ಚೀಟಿಯಲ್ಲಿ ನಮೂದಾದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತಿರಬೇಕು. ಆ ಅರಮನೆಯ ಗೋಡೆಗಳ ತುಂಬ ಅರಬ್ಬಿ ಬರಹಗಳಿವೆ. ಆದರೆ 1492ರಲ್ಲಿ ಆ ರಾಜ್ಯ ಅಳಿದ ಬಳಿಕ ನಗರದ ನುಡಿಯೇ ಬದಲಾಯಿತು. ಗೋಡೆಯ ಮೇಲಿನ ಭಾಷೆ ಇಂದು ಊರಿನ ಮನೆಮಾತಲ್ಲ. ಹೆಂಜೇರಿನ ಸಂಗತಿ ಬೇರೆ. ರಾಜ್ಯ ಅಳಿಯಿತು, ಲಿಪಿಯ ರೂಪ ಬದಲಾಯಿತು, ಆಡಳಿತದ ಗಡಿಗಳು ಹಲವು ಬಾರಿ ಸರಿದವು. ಆದರೂ ಕಲ್ಲಿನ ಮೇಲಿನ ಕನ್ನಡವೇ ಇಂದಿಗೂ ಆ ಊರಿನ ಅಡುಗೆಮನೆಯಲ್ಲಿ, ಹೊಲದಲ್ಲಿ, ಶಾಲೆಯಲ್ಲಿ ಕೇಳಿಬರುತ್ತಿದೆ. ನಮ್ಮ ಮಕ್ಕಳಿಗೆ ತೋರಿಸಬೇಕಾದದ್ದು ಇದನ್ನು.

ಈ ವಿಷಯ ನನಗೆ ಮನವರಿಕೆಯಾದದ್ದು ವೃತ್ತಿಯ ನಿಮಿತ್ತದಿಂದ. ಕೆಲವು ವರ್ಷಗಳ ಹಿಂದೆ ಒಂದು ಜಮೀನಿನ ದಾವೆಯಲ್ಲಿ ಸ್ಥಳಪರಿಶೀಲನೆಗೆಂದು ನ್ಯಾಯಾಲಯ ನನ್ನನ್ನು ಕಮಿಷನರ್ ಆಗಿ ನೇಮಿಸಿತ್ತು. ಹಳೆಯ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಅಕ್ಷರದ ಕಲ್ಲು’ ಎಂದಿತ್ತು. ಸ್ಥಳಕ್ಕೆ ಹೋದರೆ ಕಲ್ಲು ಇರಲಿಲ್ಲ. ಬಹಳ ವಿಚಾರಿಸಿದ ಮೇಲೆ, ಅದನ್ನು ಯಾವಾಗಲೋ ಎತ್ತಿ ಹಳ್ಳದ ಕಾಲುದಾರಿಗೆ ಹಾಸುಗಲ್ಲಾಗಿ ಹಾಕಿದ್ದರೆಂದು ಹಿರಿಯರೊಬ್ಬರು ತೋರಿಸಿದರು. ಬರಹ ಅರ್ಧಕ್ಕಿಂತ ಹೆಚ್ಚು ಸವೆದಿತ್ತು. ಕಲ್ಲನ್ನು ಕಿತ್ತವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಅದರ ಮೇಲೆ ಇರುವುದು ತಮ್ಮದೇ ಭಾಷೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಕಲ್ಲು ಹೋದುದರಿಂದ ಎರಡು ಮನೆತನಗಳಿಗೆ ಎಲ್ಲೆ ತಪ್ಪಿತು. ಊರಿಗೆ ತಪ್ಪಿದ್ದು ಅದಕ್ಕಿಂತ ದೊಡ್ಡದು.

ಇನ್ನು ಪ್ರಯಾಣದ ವಿಚಾರ. ನಮ್ಮ ಸೀಮೆಯ ಬಿಸಿಲು ಎಲ್ಲರಿಗೂ ತಿಳಿದದ್ದೇ. ಮಕ್ಕಳನ್ನು ಕರೆದೊಯ್ಯಲು ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಶಿವರಾತ್ರಿಯ ದಿನಗಳಲ್ಲಿ ಭಕ್ತರ ಸಂದಣಿ ಇರುವುದರಿಂದ ಕಲಿಕೆಯ ಪ್ರವಾಸಕ್ಕೆ ಬೇರೆ ದಿನವನ್ನು ಆರಿಸಿಕೊಳ್ಳುವುದು ಮೇಲು. ಮಡಕಶಿರದವರು ಬೆಳಿಗ್ಗೆ ಹೊರಟು ಅಮರಾಪುರದ ಮಾರ್ಗವಾಗಿ ಹೋಗಿ, ಸಂಜೆಗೆ ಮನೆ ಸೇರಬಹುದು. ರಾಯದುರ್ಗದವರು ಕಲ್ಯಾಣದುರ್ಗ, ಪಾವಗಡ, ಮಡಕಶಿರದ ಮೇಲೆ ಬರಬೇಕಾಗುವುದರಿಂದ ನಸುಕಿನಲ್ಲಿಯೇ ಹೊರಡುವುದು ಒಳ್ಳೆಯದು. ಈ ದಾರಿಯಲ್ಲಿ ಆಂಧ್ರದಿಂದ ಕರ್ನಾಟಕಕ್ಕೂ ಮತ್ತೆ ಆಂಧ್ರಕ್ಕೂ ಗಡಿ ದಾಟಬೇಕು. ನಡುವೆ ಎಲ್ಲಿ ಫಲಕಗಳ ಭಾಷೆ ಬದಲಾಗುತ್ತದೆ, ಎಲ್ಲಿ ಜನರ ಮಾತು ಬದಲಾಗುವುದಿಲ್ಲ ಎಂಬುದನ್ನು ಮಕ್ಕಳು ಬರೆದಿಟ್ಟುಕೊಳ್ಳಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. 2022ರಲ್ಲಿ ಮಡಕಶಿರ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಪುಸ್ತಕದಲ್ಲಿ ಓದಿದರೆ ಮರೆತುಹೋಗುವ ಈ ಸಂಗತಿಗಳು ದಾರಿಯಲ್ಲಿ ಕಂಡರೆ ನೆನಪಿನಲ್ಲಿ ಉಳಿಯುತ್ತವೆ. ರಾಯದುರ್ಗ–ತುಮಕೂರು ರೈಲುಮಾರ್ಗ ಪೂರ್ಣಗೊಂಡ ದಿನ ನಮ್ಮ ಎರಡೂ ಊರುಗಳು ಇನ್ನಷ್ಟು ಹತ್ತಿರವಾಗಲಿವೆ. ಕುಡಿಯುವ ನೀರು, ಬುತ್ತಿ, ಟೋಪಿ, ಒಂದು ಕೈಬೆಳಕು, ನೋಟುಪುಸ್ತಕ ಇವು ಪ್ರತಿ ಮಗುವಿನ ಚೀಲದಲ್ಲಿರಲಿ.

ಹೊರಡುವ ಮೊದಲು ಮನೆಯಲ್ಲಿ ಮಾಡಬೇಕಾದ ಸಿದ್ಧತೆ ಇದಕ್ಕಿಂತ ಮುಖ್ಯವಾದುದು. ಮೊದಲನೆಯದಾಗಿ, ಈಗ ಬಳಕೆಯಲ್ಲಿಲ್ಲದ ಱ, ೞ ಎಂಬ ಎರಡು ಅಕ್ಷರಗಳನ್ನು ಮಕ್ಕಳಿಗೆ ಬರೆಯಿಸಿ. ಎರಡನೆಯದಾಗಿ, ಶಕವರ್ಷಕ್ಕೆ 78 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ವರ್ಷ ದೊರೆಯುತ್ತದೆಂಬ ಲೆಕ್ಕವನ್ನು ಕಲಿಸಿ. ಮೂರನೆಯದಾಗಿ, ಮನೆಯಲ್ಲಿರುವ ಯಾವುದಾದರೂ ದಾನಪತ್ರ ಅಥವಾ ಕ್ರಯಪತ್ರವನ್ನು ತೆರೆದು ತೋರಿಸಿ. ಬರೆದ ದಿನಾಂಕ, ಕೊಟ್ಟವರು, ಪಡೆದವರು, ಸ್ವತ್ತಿನ ವಿವರ, ಚೆಕ್ಕುಬಂದಿ, ಸಾಕ್ಷಿಗಳು ಅದರಲ್ಲಿರುತ್ತವೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಸ್ಥಿರಾಸ್ತಿಯ ದಾನಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿಯೂ ಆಗಬೇಕು. ದಾನಶಾಸನದಲ್ಲಿಯೂ ಹೆಚ್ಚುಕಡಿಮೆ ಇದೇ ಅನುಕ್ರಮವನ್ನು ಕಾಣಬಹುದು: ಕಾಲ, ಆಳುತ್ತಿದ್ದ ಅರಸ, ದಾನಿ, ದಾನ ಪಡೆದವರು, ಭೂಮಿಯ ಅಳತೆ, ಎಲ್ಲೆ. ಕೊನೆಯಲ್ಲಿ, ಇದನ್ನು ಕೆಡಿಸಿದವರಿಗೆ ತಟ್ಟುವ ಪಾಪದ ಎಚ್ಚರಿಕೆ. ಮೇಲೆ ಕೆತ್ತಿದ ಸೂರ್ಯಚಂದ್ರರು ದಾನ ಶಾಶ್ವತವೆಂಬುದರ ಗುರುತು. ಇಷ್ಟು ತಿಳಿದ ಮಗುವಿಗೆ ಪ್ರತಿ ಅಕ್ಷರ ಓದಲು ಬಾರದಿದ್ದರೂ ಕಲ್ಲು ಏನನ್ನು ಹೇಳುತ್ತಿದೆಯೆಂಬುದು ಹೊಳೆಯುತ್ತದೆ.

ಉಪಾಧ್ಯಾಯರು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟವನ್ನು ನೋಡಿಕೊಂಡು ಬರುವುದು ಉಚಿತ. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ ಅದರ ಮೊದಲ ಭಾಗ 1939ರಲ್ಲಿ ಹೊರಬಂದಿತು. ಹಳೆಯ ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಪಾಠ ಅದರಲ್ಲಿದೆ.

ಹೇಮಾವತಿಯಲ್ಲಿ ಮೊದಲು ಸಿದ್ಧೇಶ್ವರನ ದರ್ಶನ ಮಾಡಿ. ಭಕ್ತರು ಹೆಂಜೇರಪ್ಪನೆಂದು ಕರೆಯುವ ಈ ದೇವರು ಲಿಂಗರೂಪದಲ್ಲಿಲ್ಲದೆ ಕುಳಿತ ಮೂರ್ತಿಯಾಗಿರುವುದು ವಿಶೇಷ. ರಾಜಧಾನಿಯ ಹಳೆಯ ಹೆಸರನ್ನು ಜನ ದೇವರ ಹೆಸರಿನಲ್ಲಿ ಉಳಿಸಿಕೊಂಡಿದ್ದಾರೆಂಬುದನ್ನು ಮಕ್ಕಳಿಗೆ ತಿಳಿಸಿ. ಅನಂತರ ದೊಡ್ಡೇಶ್ವರ ದೇವಾಲಯ. ಅದರ ಗೋಡೆಯ ಜಾಲಂಧ್ರಗಳಲ್ಲಿ ಬಳ್ಳಿಗಳ ಸುರುಳಿಯ ನಡುವೆ ದೇವತೆಗಳನ್ನು ಕೆತ್ತಿರುವ ಬಗೆಯನ್ನು ಒಳಗಿನಿಂದಲೂ ಹೊರಗಿನಿಂದಲೂ ನೋಡಬೇಕು. ಕಪ್ಪುಶಿಲೆಯ ಕಂಬಗಳ ನುಣುಪು, ನಂದಿಯ ಮೈಕಟ್ಟು, ಆವರಣದಲ್ಲಿ ಸಂಗ್ರಹಿಸಿಟ್ಟ ಶಿಲ್ಪಗಳು ಇವಕ್ಕೂ ಸಮಯವಿರಲಿ. ಊರಿನ ಪ್ರಸಿದ್ಧ ಕಂಬಶಾಸನ ನೊಳಂಬರ ವಂಶಾವಳಿಗೆ ಮುಖ್ಯ ಆಧಾರ. ತ್ರಿನಯನ ಪಲ್ಲವನ ಕುಲದ ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊೞಲ್ಚೋರ, ಮಹೇಂದ್ರ, ಅಯ್ಯಪ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ವಾರಸುದಾರಿಕೆಯ ಮೊಕದ್ದಮೆಗೆ ನಾವು ಸಿದ್ಧಪಡಿಸುವ ವಂಶವೃಕ್ಷದಂತೆಯೇ ಇದೂ ಒಂದು ದಾಖಲೆ. ಮನೆಯಲ್ಲಿ ಕಲಿತ ೞ ಅಕ್ಷರದ ಉಪಯೋಗ ಪೊೞಲ್ಚೋರನ ಹೆಸರನ್ನು ಬರೆಯುವಾಗ ಮಕ್ಕಳಿಗೆ ತಿಳಿಯುತ್ತದೆ.

ಅಕ್ಷರಗಳು ಚೆನ್ನಾಗಿ ಕಾಣುವುದು ಬೆಳಗಿನ ಅಥವಾ ಇಳಿಹೊತ್ತಿನ ಓರೆಬೆಳಕಿನಲ್ಲಿ. ನೆರಳಿದ್ದರೆ ಕೈಬೆಳಕನ್ನು ಪಕ್ಕದಿಂದ ಹಿಡಿಯಬೇಕು. ಸುಣ್ಣ, ಸೀಮೆಸುಣ್ಣ, ಎಣ್ಣೆ ಇವಾವುದನ್ನೂ ಬರಹಕ್ಕೆ ಸವರಬಾರದು. ಅನುಮತಿಯಿಲ್ಲದೆ ಅಚ್ಚು ತೆಗೆಯಬಾರದು. ಇಲ್ಲಿನ ದೇವಾಲಯಗಳು ಕೇಂದ್ರದ ಸಂರಕ್ಷಿತ ಸ್ಮಾರಕಗಳು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಹೊಲದ ಬದುವಿನ ಒಂಟಿ ಕಲ್ಲಿಗೆ ಮಾತ್ರ ಇಂತಹ ಕಾವಲು ಎಷ್ಟೋ ವೇಳೆ ಇರುವುದಿಲ್ಲ. ಅದನ್ನು ಗುರುತಿಸಬಲ್ಲ ಮಗುವೇ ಅದಕ್ಕೆ ಕಾವಲು.

ಆದ್ದರಿಂದ ಪ್ರವಾಸ ಹೇಮಾವತಿಯಲ್ಲಿ ಮುಗಿಯದಿರಲಿ. ಹಿಂದಿರುಗಿದ ವಾರದಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನಲ್ಲಿ ಬರಹವಿರುವ ಕಲ್ಲು, ವೀರಗಲ್ಲು, ಮಾಸ್ತಿಗಲ್ಲು ಎಲ್ಲಿವೆಯೆಂದು ಅಜ್ಜ ಅಜ್ಜಿಯರನ್ನು ಕೇಳಿ ಒಂದು ಪುಟ ಬರೆಯಲಿ. ಶಾಲೆ ಅದನ್ನು ಹೊಲಿದು ಪುಸ್ತಕವಾಗಿ ಇಟ್ಟುಕೊಳ್ಳಲಿ. ತೆಲುಗು ಮಾಧ್ಯಮದ ಗೆಳೆಯರನ್ನೂ ಜೊತೆಗೆ ಕರೆಯಿರಿ. ಈ ನೆಲ ಅವರದೂ ಹೌದು. ತಮ್ಮ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ವಿಧಿ ನೀಡಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಪ್ರಯತ್ನಿಸಬೇಕೆಂದು 350-ಎ ವಿಧಿ ರಾಜ್ಯಗಳಿಗೆ ಹೇಳಿದೆ. ಹಕ್ಕು ಕಾಗದದಲ್ಲಿದ್ದರೆ ಸಾಲದು, ಅದಕ್ಕೆ ಸ್ವಾಧೀನವೂ ಬೇಕೆಂಬುದನ್ನು ಜಮೀನಿನ ವ್ಯಾಜ್ಯ ಕಂಡವರೆಲ್ಲ ಬಲ್ಲರು. ಹೆಂಜೇರಿನ ಕನ್ನಡ ನಮ್ಮದೆನ್ನುವುದಾದರೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಅದರ ಮುಂದೆ ನಿಲ್ಲೋಣ.