ವಾಣಿಜ್ಯದ ಪಕ್ಕದಲ್ಲೇ ಶಿಲ್ಪ: ಕುಂಚ ಹಿಡಿಯೋಣ, ಬಯಲಿಗೆ ನಡೆಯೋಣ

ಆದಿ ತೀರ್ಥಂಕರ ಭಗವಾನ್ ಋಷಭದೇವರು ಕರ್ಮಭೂಮಿಯ ಆರಂಭದಲ್ಲಿ ಜನರ ಬದುಕಿಗಾಗಿ ಆರು ಕರ್ಮಗಳನ್ನು ಬೋಧಿಸಿದರೆಂದು ನಾವೆಲ್ಲ ಪಾಠಶಾಲೆಯಲ್ಲಿ ಕಲಿತಿದ್ದೇವೆ: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಇವುಗಳಲ್ಲಿ ಐದನೆಯದನ್ನು ನಮ್ಮ ಸಮಾಜ ಗಟ್ಟಿಯಾಗಿ ಹಿಡಿದುಕೊಂಡಿತು. ಸೊಲ್ಲಾಪುರದ ಪೇಠೆಯಲ್ಲಿ ಬಟ್ಟೆ, ಅಕ್ಕಲಕೋಟದಲ್ಲಿ ಕಿರಾಣಿ, ಕಾಳುಕಡಿ ಎಂದು ತಲೆಮಾರುಗಳಿಂದ ಗಾದಿಯ ಮೇಲೆ ಕುಳಿತೆವು. ಆದರೆ ಅದರ ಪಕ್ಕದಲ್ಲೇ ಇರುವ ಆರನೆಯದನ್ನು ಮಾತ್ರ "ಅದು ನಮ್ಮ ಕೆಲಸವಲ್ಲ" ಎಂದು ಬಿಟ್ಟುಕೊಟ್ಟೆವು. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭಗವಾನರು ಹಿರಿಯ ಮಗ ಭರತನಿಗೆ ಅರ್ಥಶಾಸ್ತ್ರವನ್ನು ಕಲಿಸುತ್ತಾರೆ. ಇನ್ನೊಬ್ಬ ಮಗ ಅನಂತವಿಜಯನಿಗೆ ಚಿತ್ರಕಲೆಯನ್ನು ಕಲಿಸುತ್ತಾರೆ. ಒಂದೇ ಮನೆ, ಒಬ್ಬರೇ ತಂದೆ. ಅಲ್ಲಿ ಲೆಕ್ಕಕ್ಕೂ ಬಣ್ಣಕ್ಕೂ ಜಗಳವಿರಲಿಲ್ಲ.

ಇಂದು ನಮ್ಮ ಮನೆಗಳಲ್ಲಿ ಏನಾಗಿದೆ? ಮಕ್ಕಳಿಗೆ ಶಾಲೆ, ಶಾಲೆ ಬಿಟ್ಟರೆ ಟ್ಯೂಷನ್, ಅದೂ ಮುಗಿದರೆ ಮೊಬೈಲು. ಗಂಡಸರಿಗೆ ಬೆಳಗಿನಿಂದ ರಾತ್ರಿಯವರೆಗೆ ಅಂಗಡಿ. ರಜೆ ಬಂದರೆ ಕಾರಿನಲ್ಲಿ ಕ್ಷೇತ್ರಕ್ಕೆ ಹೋಗಿ, ದರ್ಶನ ಮಾಡಿ, ಕಾರಿನಲ್ಲೇ ಮರಳುತ್ತೇವೆ. ನಡುವಿನ ದಾರಿಯನ್ನು ಯಾರೂ ನೋಡುವುದಿಲ್ಲ. ಹಿಂದೆ ಎಳ್ಳಮಾವಾಸ್ಯೆಗೆ ಒಕ್ಕಲುತನದ ಗಿರಾಕಿಗಳು ಕರೆದರೆ ಮನೆಮಂದಿಯೆಲ್ಲ ಅವರ ಹೊಲಕ್ಕೆ ಹೋಗಿ, ಜೋಳದ ಬೆಳೆಯ ನಡುವೆ ಕುಳಿತು ಉಂಡು ಬರುತ್ತಿದ್ದರು. ಆ ರೂಢಿಯೂ ಈಗ ಕಡಿಮೆಯಾಗಿದೆ.

ಕಳೆದ ಚಳಿಗಾಲದಲ್ಲಿ ಸೊಲ್ಲಾಪುರ, ಅಕ್ಕಲಕೋಟದ ನಾವು ಕೆಲವು ಮನೆಯವರು ಸೇರಿ ಒಂದು ನಿಶ್ಚಯ ಮಾಡಿದೆವು. ಅಂಗಡಿಯ ರಜೆಯ ದಿನ ಮಕ್ಕಳು, ಹೆಂಗಸರು, ಹಿರಿಯರು ಸಮೇತ ಬಯಲಿಗೆ ಹೋಗುವುದು. ಕಂಡದ್ದನ್ನು ಕೈಯಾರೆ ಚಿತ್ರಿಸುವುದು. ಅದರಿಂದ ಕಲಿತದ್ದನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಹಿರಿಯರು ಎತ್ತಿದ ಪ್ರಶ್ನೆ

ಮೊದಲ ಆಕ್ಷೇಪ ಮನೆಯೊಳಗಿಂದಲೇ ಬಂದಿತು. "ಸುಮ್ಮನೆ ತಿರುಗಾಡುವುದು ಅನರ್ಥದಂಡವಲ್ಲವೇ?" ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿದೆ. ಅದರಲ್ಲಿ ಪ್ರಮಾದಚರ್ಯೆ ಒಂದು. ನಿಷ್ಫಲವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು, ತಿರುಗುವುದು, ಇತರರನ್ನು ತಿರುಗಿಸುವುದು, ಇವೆಲ್ಲ ಅದರಲ್ಲಿ ಸೇರುತ್ತವೆ.

ಆದ್ದರಿಂದ ಹಿರಿಯರ ಮಾತನ್ನು ತಳ್ಳಿಹಾಕದೆ ಅದನ್ನೇ ನಿಯಮ ಮಾಡಿಕೊಂಡೆವು. ಶಾಸ್ತ್ರದಲ್ಲಿ ನಿಷೇಧವಿರುವುದು ನಿಷ್ಫಲವಾದ, ಎಚ್ಚರಗೇಡಿ ತಿರುಗಾಟಕ್ಕೆ. ಎಲೆ ಕೀಳದೆ, ಕಲ್ಲು ಎಸೆಯದೆ, ಕಸ ಚೆಲ್ಲದೆ, ಗದ್ದಲ ಮಾಡದೆ, ಒಂದು ಜೀವವನ್ನು ಕಣ್ತುಂಬ ನೋಡಿ ಅರಿತು ಬಂದರೆ ಅದಕ್ಕೆ ಫಲವಿದೆ. ದೇಶವ್ರತವೂ ನಮಗೆ ನೆರವಾಯಿತು. "ಇಂದು ಇಷ್ಟೇ ದೂರ, ಇಷ್ಟು ಹೊತ್ತಿನೊಳಗೆ ಮನೆ" ಎಂದು ಹೊರಡುವ ಮೊದಲೇ ಮೇರೆ ಹಾಕಿಕೊಂಡೆವು. ಡಿಸೆಂಬರಿನಲ್ಲಿ ನಮ್ಮ ಕಡೆ ಸಂಜೆ 6ರ ಸುಮಾರಿಗೆ ಸೂರ್ಯಾಸ್ತ. ಆದ್ದರಿಂದ ನಸುಕಿನಲ್ಲಿ ಎದ್ದು ಹೊರಟು, ಹಗಲಿನಲ್ಲೇ ಊಟ ಮುಗಿಸಿ ಮರಳುವುದು ರೂಢಿಯಾಯಿತು. ಬುತ್ತಿಗೆ ಸಜ್ಜೆಯ ಕಟಕ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಸೋಸಿ ಕಾಯಿಸಿದ ನೀರು. ನಮ್ಮ ನಿಯಮಗಳು ಪ್ರವಾಸಕ್ಕೆ ಅಡ್ಡಿ ಎಂದು ತಿಳಿದಿದ್ದವರಿಗೆ ಅವೇ ಪ್ರವಾಸವನ್ನು ಸುಲಭ ಮಾಡಿದವು.

ಲಾಂಛನದ ವಹಿ

ಮಕ್ಕಳಿಗೆ "ಏನಾದರೂ ಚಿತ್ರ ಬಿಡಿಸಿರಿ" ಎಂದರೆ ಅದೇ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ. ಸೊಲ್ಲಾಪುರದಲ್ಲಿ ಅಂಥ ಗುಡ್ಡ ಎಲ್ಲಿದೆ? ಅದಕ್ಕಾಗಿ ಒಂದು ಉಪಾಯ ಮಾಡಿದೆವು. ಪ್ರತಿ ಮಗುವಿಗೂ 24 ಪುಟಗಳ ವಹಿಯೊಂದನ್ನು ಹೊಲಿದುಕೊಟ್ಟು, ಪುಟಕ್ಕೊಂದರಂತೆ 24 ತೀರ್ಥಂಕರರ ಹೆಸರು ಬರೆಸಿದೆವು. ಅವರವರ ಲಾಂಛನವನ್ನು ಪುಸ್ತಕ ನೋಡಿ ನಕಲು ಮಾಡಬಾರದು. ಹೊರಗೆ ಕಣ್ಣಾರೆ ಕಂಡ ಮೇಲೆಯೇ ಬಿಡಿಸಬೇಕು.

ಆಟ ಆರಂಭವಾಯಿತು. ಆದಿನಾಥರ ವೃಷಭ ಹೊಲದಲ್ಲಿ ಸಿಕ್ಕಿತು. ವಾಸುಪೂಜ್ಯರ ಕೋಣನಿಗಾಗಿ ಅಕ್ಕಲಕೋಟದ ಓಣಿಯ ಎಮ್ಮೆಗಳೇ ಸಾಕಾದವು. ಸಂಭವನಾಥರ ಕುದುರೆ, ಅಭಿನಂದನರ ಕಪಿ, ಕುಂಥುನಾಥರ ಹೋತ ಒಂದೊಂದಾಗಿ ವಹಿಗೆ ಜಮಾ ಆದವು. ಚಂದ್ರಪ್ರಭರ ಬಾಲಚಂದ್ರನಿಗಾಗಿ ಬಿದಿಗೆಯ ಸಂಜೆ ಮಾಳಿಗೆ ಹತ್ತಿ ಕಾಯಬೇಕಾಯಿತು. ದಿನವೂ ಎಮ್ಮೆಗಳ ನಡುವೆಯೇ ಶಾಲೆಗೆ ಹೋಗುವ ಹುಡುಗನೊಬ್ಬ ಪೆನ್ಸಿಲು ಹಿಡಿದು ನಿಂತಾಗ, ಕೋಡು ಹಿಂದಕ್ಕೆ ಬಾಗಿದೆಯೋ ಮುಂದಕ್ಕೋ ಎಂದು ತನಗೆ ಗೊತ್ತೇ ಇರಲಿಲ್ಲವೆಂದು ನಕ್ಕ. ಅರವತ್ತು ದಾಟಿದ ವ್ಯಾಪಾರಿಯೊಬ್ಬರು ಶಾಲೆ ಬಿಟ್ಟ ಮೇಲೆ ಮೊದಲ ಸಲ ಎತ್ತಿನ ಚಿತ್ರ ಬಿಡಿಸಿ, ಮೊಮ್ಮಗನಿಗಿಂತ ಹೆಚ್ಚು ಸಂತೋಷಪಟ್ಟರು. ಚಿತ್ರ ಚೆನ್ನಾಗಿತ್ತೆಂದು ಹೇಳಲಾರೆವು. ಅವರ ಸಂತೋಷ ಮಾತ್ರ ಅಪ್ಪಟವಾಗಿತ್ತು.

ನನ್ನಜದ ಬಯಲಿನಲ್ಲಿ

ಶಾಂತಿನಾಥರ ಜಿಂಕೆಗಾಗಿ ನನ್ನಜಕ್ಕೆ ಹೋದೆವು. ಸೊಲ್ಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ದೂರದ ಈ ಹುಲ್ಲುಬಯಲು, 1979ರಲ್ಲಿ ಘೋಷಿತವಾದ ಮಾಳಢೋಕ್ ಪಕ್ಷಿಯ ಅಭಯಾರಣ್ಯದ ಭಾಗ. ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರು ಹೇಳಿದ ದಾರಿಯಲ್ಲೇ ನಡೆಯಬೇಕು. ಕೃಷ್ಣಮೃಗಗಳ ಹಿಂಡು ಹುಲ್ಲಿನ ಮೇಲೆ ಹಾರಿ ಹೋಗುವುದನ್ನು ಕಂಡು ಮಕ್ಕಳು ಪೆನ್ಸಿಲನ್ನೇ ಮರೆತರು. ದೂರದಿಂದ ಬರಡು ಎನಿಸುವ ಆ ಬಯಲಿನಲ್ಲಿ ಅಷ್ಟು ಜೀವಗಳಿವೆಯೆಂದು ನಮಗೂ ತಿಳಿದಿರಲಿಲ್ಲ.

ಮಾಳಢೋಕ್ ಮಾತ್ರ ಕಾಣಲಿಲ್ಲ. ಸುಮಾರು ಒಂದು ಮೀಟರ್ ಎತ್ತರದ, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿಗೆ ಸೇರುವ ಈ ಪಕ್ಷಿ ಈಗ ಇಡೀ ದೇಶದಲ್ಲಿ 200ಕ್ಕಿಂತ ಕಡಿಮೆ ಉಳಿದಿದೆ. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಅದು ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಬೇಟೆ, ಹುಲ್ಲುಗಾವಲಿನ ನಾಶ, ವಿದ್ಯುತ್ ತಂತಿಗಳ ಹೊಡೆತ, ಇವುಗಳಿಂದ ಅದರ ಸಂತತಿ ಕುಗ್ಗಿತು. ಅದರ ಲಾಂಛನ ಯಾವ ತೀರ್ಥಂಕರರದೂ ಅಲ್ಲ. ಆದರೂ ಹುಡುಗಿಯೊಬ್ಬಳು ವಹಿಯ ಕೊನೆಗೆ ಒಂದು ಹಾಳೆ ಹೆಚ್ಚಿಗೆ ಹೊಲಿದು, "ಮಾಳಢೋಕ್" ಎಂದು ಬರೆದು, ಕೆಳಗೆ ಖಾಲಿ ಬಿಟ್ಟಳು. ಆ ಖಾಲಿ ಪುಟವನ್ನು ನೋಡಿ ದೊಡ್ಡವರು ಯಾರೂ ಮಾತಾಡಲಿಲ್ಲ.

ಈರ್ಯಾಸಮಿತಿಯ ಅರ್ಥ ನಮಗೆ ಅಲ್ಲಿ ಹೊಸದಾಗಿ ತಿಳಿಯಿತು. ಮುನಿಗಳು ಹಗಲು ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆ ಇಡುತ್ತಾರೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ನೆಲದ ಮೇಲೆ ಮೊಟ್ಟೆಯಿಡುವ ಬಯಲಿನ ಹಕ್ಕಿಗಳಲ್ಲಿ ಹಲವು ಮರಿಮಾಡುವುದೂ ಆ ಮಳೆಯ ತಿಂಗಳುಗಳಲ್ಲಿಯೇ. ಆದ್ದರಿಂದ ಹುಲ್ಲುಬಯಲಿಗೆ ಹೋಗುವವರು ದೀಪಾವಳಿಯ ನಂತರ ಹೋಗಬೇಕು, ತುಳಿದ ದಾರಿ ಬಿಡಬಾರದು. ಪಕ್ಷಿಶಾಸ್ತ್ರದವರು ಇಂದು ಕೊಡುವ ಸಲಹೆಯನ್ನು ನಮ್ಮ ಆಚಾರ ಎಂದೋ ಹೇಳಿಟ್ಟಿದೆ.

ದೂರ ಹೋಗಲಾಗದವರಿಗೆ ಸೊಲ್ಲಾಪುರದ ಹತ್ತಿರವೇ ಹಿಪ್ಪರಗಾ ಕೆರೆಯಿದೆ. 1871ರಲ್ಲಿ ಪೂರ್ಣಗೊಂಡ ಈ ಏಕರೂಖ ಜಲಾಶಯಕ್ಕೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಅಕ್ಕಲಕೋಟದವರಿಗೆ ಬೋರಿ ನದಿಯ ಕುರನೂರು ಜಲಾಶಯವಿದೆ. ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ, ಮರಾಠಿ ಶಾಸನವಿದೆ. ಆ ಭಾಷೆಯ ಅತಿ ಹಳೆಯ ಶಾಸನಗಳಲ್ಲಿ ಅದೊಂದು. ಎರಡು ಭಾಷೆಯ ಗಡಿಯಲ್ಲಿ ಬಾಳುವ ನಮ್ಮ ಮಕ್ಕಳು ಹಳೆಯ ಅಕ್ಷರಗಳ ತಿರುವನ್ನು ನೋಡಿ ಬರೆದುಕೊಳ್ಳುವುದೂ ಚಿತ್ರಕಲೆಯೇ. ಕಲ್ಲಿಗೆ ಸೀಮೆಸುಣ್ಣ, ಎಣ್ಣೆ ಹಚ್ಚಬಾರದು, ಅಷ್ಟೇ.

ಬಣ್ಣವನ್ನೂ ಸೋಸಿ ಬಳಸೋಣ

ನೀರನ್ನು ಸೋಸುವ ನಾವು ಬಣ್ಣವನ್ನು ಸೋಸುವುದಿಲ್ಲ. ಕುಂಚಗಳಲ್ಲಿ ಕೆಲವು ಮುಂಗುಸಿಯ ಕೂದಲಿನವು. ಆ ಕೂದಲಿಗಾಗಿ ಪ್ರಾಣಿಯನ್ನು ಕೊಲ್ಲುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದರ ವ್ಯಾಪಾರವೂ ಅಪರಾಧ. ಸ್ಟೇಷನರಿ ಅಂಗಡಿಯಿರುವ ನಮ್ಮ ಬಾಂಧವರು ಇದನ್ನು ವಿಶೇಷವಾಗಿ ಗಮನಿಸಬೇಕು. ನೈಲಾನ್ ಕುಂಚ ಕೇಳಿ ಕೊಳ್ಳಿರಿ. ಕಾರ್ಮೈನ್ ಎಂಬ ಕೆಂಪು, ಕೀಟಗಳನ್ನು ಅರೆದು ತೆಗೆದದ್ದು. ಬೋನ್ ಬ್ಲ್ಯಾಕ್ ಎಂಬ ಕಪ್ಪು, ಮೂಳೆ ಸುಟ್ಟು ಮಾಡಿದ್ದು. ಡಬ್ಬಿಯ ಮೇಲಿನ ಹೆಸರು ಓದಿ ಬಿಟ್ಟುಬಿಡಬಹುದು.

ಮನೆಯಲ್ಲೇ ಬಣ್ಣ ಮಾಡುವುದು ಇನ್ನೂ ಸಂತೋಷ. ಅರಿಸಿನ ಹಳದಿ ಕೊಡುತ್ತದೆ. ಅದಕ್ಕೆ ಸುಣ್ಣದ ನೀರು ಬೆರೆತರೆ ಕೆಂಪಾಗುವುದನ್ನು ನೋಡಿ ಮಕ್ಕಳು ಕುಣಿಯುತ್ತಾರೆ. ಕೆಮ್ಮಣ್ಣು, ಸುಣ್ಣ, ದೀಪದ ಮಸಿ, ಇವನ್ನು ಜಾಲಿಯ ಅಂಟಿನ ನೀರಿನಲ್ಲಿ ಅರೆದರೆ ಕಾಗದಕ್ಕೆ ಹಿಡಿಯುತ್ತವೆ. ಅರಿಸಿನ ಬಿಸಿಲಿಗೆ ಮಾಸುತ್ತದೆ. ಮಣ್ಣಿನ ಬಣ್ಣ ಬಹುಕಾಲ ಬಾಳುತ್ತದೆ.

ಅಂಗಳದಲ್ಲಿ ಎರಡೂವರೆ ದ್ವೀಪ

ಮಳೆಗಾಲದಲ್ಲಿ ಹೊರಗೆ ಹೋಗದ ದಿನಗಳಿಗೆ ಒಂದು ರಂಗೋಲಿ ಹೇಳುತ್ತೇವೆ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯ ಮೊದಲ ಭಾಗ 1943ರಲ್ಲಿ ಪ್ರಕಟವಾದದ್ದು ನಮ್ಮ ಸೊಲ್ಲಾಪುರದಿಂದಲೇ, ಜೀವರಾಜ ಜೈನ ಗ್ರಂಥಮಾಲೆಯಲ್ಲಿ. ಅದರಲ್ಲಿ ಲೋಕದ ಅಳತೆಗಳಿವೆ. ಜಂಬೂದ್ವೀಪದ ವ್ಯಾಸ 1 ಲಕ್ಷ ಯೋಜನ. ಸುತ್ತಲಿನ ಒಂದೊಂದು ಸಮುದ್ರವೂ ದ್ವೀಪವೂ ತನ್ನ ಹಿಂದಿನದರ ಎರಡರಷ್ಟು ಅಗಲ.

ಲಕ್ಷ ಯೋಜನಕ್ಕೆ 1 ಇಂಚು ಹಿಡಿಯಿರಿ. ನಡುವೆ ಮೊಳೆಯ ಬದಲು ಒಬ್ಬರ ಬೆರಳು, ಅದಕ್ಕೆ ದಾರ, ತುದಿಗೆ ಸೀಮೆಸುಣ್ಣ. ಅರ್ಧ ಇಂಚಿನ ದಾರದಿಂದ ಜಂಬೂದ್ವೀಪ, 2.5 ಇಂಚಿನಿಂದ ಲವಣ ಸಮುದ್ರ, 6.5ರಿಂದ ಧಾತಕೀಖಂಡ, 14.5ರಿಂದ ಕಾಲೋದ, 22.5ರಿಂದ ಪುಷ್ಕರಾರ್ಧ. ಒಟ್ಟು ಅಡ್ಡಳತೆ 45 ಇಂಚು. ಮನುಷ್ಯಲೋಕದ 45 ಲಕ್ಷ ಯೋಜನ ಅಂಗಳದಲ್ಲಿ ಮೂಡುತ್ತದೆ. ಬಾಯಿಪಾಠವಾಗಿದ್ದ ಲೆಕ್ಕ ಹೀಗೆ ಕಣ್ಣಿಗೆ ಕಂಡಾಗ ಮಕ್ಕಳು ಅದನ್ನು ಮರೆಯುವುದಿಲ್ಲ. ಬಣ್ಣ ತುಂಬುವಾಗ ನಮ್ಮ ಅಜ್ಜಿಯಂದಿರ ಬೆರಳಿಗೆ ಸಾಟಿಯಿಲ್ಲವೆಂಬುದು ಎಲ್ಲರಿಗೂ ತಿಳಿಯಿತು.

ಇದರಿಂದ ಲಾಭವೇನು?

ವ್ಯಾಪಾರಸ್ಥರಾದ ನಾವು ಈ ಪ್ರಶ್ನೆ ಕೇಳದೆ ಇರಲಾರೆವು. ಒಂದು ಉತ್ತರ ಕೈಗೆಟಕುವಷ್ಟು ಹತ್ತಿರವಿದೆ. ನಮ್ಮ ಸೊಲ್ಲಾಪುರದ ಚಾದರವನ್ನೇ ನೋಡಿರಿ. ಜಕಾರ್ಡ್ ಮಗ್ಗದಲ್ಲಿ ಮೊದಲು ಚೌಕಳಿ ಹಾಳೆಯ ಮೇಲೆ ನಕ್ಷೆ ಬರೆಯುತ್ತಾರೆ. ಅದರಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ. ಯಾವ ಎಳೆ ಏಳಬೇಕೆಂದು ಆ ತೂತು ಹೇಳುತ್ತದೆ. ಮಗ್ಗದ ಮುಂದೆ ಕುಳಿತವರ ಈ ಶಿಲ್ಪದಿಂದ ಚಾದರಕ್ಕೆ ಹೆಸರು ಬಂತು, ಆ ಹೆಸರಿನಿಂದ ನಮ್ಮ ಅಂಗಡಿ ನಡೆಯಿತು. ಚೌಕಳಿ ಹಾಳೆಯ ಮೇಲೆ ಒಂದು ಹೂವನ್ನು ತಾನೇ ಮೂಡಿಸಿದ ಹುಡುಗ, ನಾಳೆ ಗಾದಿಯ ಮೇಲೆ ಕುಳಿತಾಗ ನೇಕಾರನ ದುಡಿಮೆಗೆ ಚೌಕಾಸಿ ಮಾಡುವ ಮೊದಲು ಒಂದು ಕ್ಷಣ ಯೋಚಿಸುತ್ತಾನೆ.

ಎರಡನೆಯ ಉತ್ತರವನ್ನು ವಹಿಯಲ್ಲಿ ಬರೆಯಲಾಗದು. ದಿನವಿಡೀ ಗಿರಾಕಿ, ಉದ್ರಿ, ಶಿಲ್ಕು ಎನ್ನುವ ಮನಸ್ಸು, ಒಂದು ಎಲೆಯ ನರಗಳನ್ನು ಬಿಡಿಸುವ ಅರ್ಧ ಗಂಟೆ ತನ್ನನ್ನು ಮರೆಯುತ್ತದೆ. ಅಂಥ ಮನಸ್ಸೇ ಸಾಮಾಯಿಕಕ್ಕೂ ಬೇಗ ನಿಲ್ಲುತ್ತದೆಂದು ನಮ್ಮಲ್ಲಿ ಹಲವರಿಗೆ ಅನುಭವವಾಗಿದೆ. ಎಲೆಯನ್ನು ಕೀಳದೆ, ಇದ್ದಲ್ಲೇ ಬಿಟ್ಟು, ಅದರ ರೂಪವನ್ನಷ್ಟೇ ಮನೆಗೆ ತರುವುದು. ಇದಕ್ಕಿಂತ ಅಪರಿಗ್ರಹದ ಸಂತೋಷ ಯಾವುದು?

ಬರುವ ಮಹಾವೀರ ಜಯಂತಿಗೆ ನಿಮ್ಮ ಊರಿನ ಮಕ್ಕಳ ವಹಿಗಳನ್ನು ಬಸದಿಯ ಹೊರ ಪಡಸಾಲೆಯಲ್ಲಿ ಎಲ್ಲರೂ ನೋಡುವಂತೆ ಇಡಿರಿ. ಬಹುಮಾನ ಬೇಡ, ಮೊದಲನೆಯವ, ಎರಡನೆಯವ ಎಂಬ ಪಂಕ್ತಿಯೂ ಬೇಡ. ಇನ್ನೂ ತುಂಬದ ಪುಟಗಳಿದ್ದರೆ ಅವೂ ಹಾಗೆಯೇ ಇರಲಿ. ಮುಂದಿನ ಚಳಿಗಾಲಕ್ಕೆ ಕೆಲಸ ಉಳಿಯುತ್ತದೆ.