ಹಳೆಯ ಗೈಡ್ ಸಾಕೇ, ಹೊಸದು ಬೇಕೇ?

ಪಿಎಸ್‌ಐ, ಎಫ್‌ಡಿಎ, ಕೆಎಎಸ್, ನೀಟ್, ಸಿಇಟಿ, ಯಾವ ಪರೀಕ್ಷೆಗೆ ಕೂತರೂ ಪುಸ್ತಕದ ಖರ್ಚು ತಪ್ಪಿದ್ದಲ್ಲ. ಅಕ್ಕ ಓದಿಟ್ಟ ಪುಸ್ತಕಗಳು ಮನೆಯಲ್ಲೇ ಇರುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಆವೃತ್ತಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಹೀಗಿರುವಾಗ ಹೊಸದಕ್ಕೆ ದುಡ್ಡು ಹಾಕಬೇಕೇ? ರಕ್ಷಾಪುಟದ ಮೇಲಿನ ಇಸವಿ ನೋಡಿ ಇದನ್ನು ತೀರ್ಮಾನಿಸಲಾಗದು. ಪುಸ್ತಕ ಅಚ್ಚಾದ ಮೇಲೆ ಆ ವಿಷಯದಲ್ಲಿ ಏನೇನು ಬದಲಾಗಿದೆ ಎಂದು ನೋಡಬೇಕು. ಆ ಲೆಕ್ಕದಲ್ಲಿ ಪುಸ್ತಕಗಳು ಮೂರು ಗುಂಪಾಗುತ್ತವೆ.

ಧೈರ್ಯವಾಗಿ ಇಟ್ಟುಕೊಳ್ಳಿ

ಗಣಿತ, ಮಾನಸಿಕ ಸಾಮರ್ಥ್ಯ, ಕನ್ನಡ ಮತ್ತು ಇಂಗ್ಲಿಷ್ ವ್ಯಾಕರಣ, ಪ್ರಾಚೀನ ಮತ್ತು ಮಧ್ಯಕಾಲೀನ ಇತಿಹಾಸ, ಪ್ರಾಕೃತಿಕ ಭೂಗೋಳ ಇವುಗಳಿಗೆ ಹತ್ತು ವರ್ಷದ ಹಿಂದಿನ ಒಳ್ಳೆಯ ಪುಸ್ತಕವೂ ನಡೆಯುತ್ತದೆ. ಶೇಕಡಾವಾರು ಲೆಕ್ಕ ಮಾಡುವ ಕ್ರಮ ಬದಲಾಗಿಲ್ಲ, ಸಂಧಿ ಸಮಾಸಗಳೂ ಬದಲಾಗಿಲ್ಲ. ನೀವೇ ಗೆರೆ ಎಳೆದು, ಅಂಚಿನಲ್ಲಿ ಟಿಪ್ಪಣಿ ಬರೆದ ಪ್ರತಿಯಾದರೆ ಪುನರಾವರ್ತನೆಗೆ ಅದೇ ಮೇಲು.

ಹಳೆಯದಾಗಿ ಕಂಡರೂ ಚಾಲ್ತಿಯಲ್ಲಿರುವ ಮಾಹಿತಿಯೂ ಇದೆ. 2011ರ ಜನಗಣತಿಯ ಅಂಕಿಗಳನ್ನು ನೋಡಿ ಪುಸ್ತಕವನ್ನು ಪಕ್ಕಕ್ಕಿಡಬೇಡಿ. 2021ರ ಗಣತಿ ನಡೆಯದ ಕಾರಣ, 2027ರ ಗಣತಿಯ ಅಂಕಿಗಳು ಬರುವವರೆಗೆ ರಾಜ್ಯದ ಸಾಕ್ಷರತೆಗೆ ಶೇಕಡಾ 75.36 ಎಂಬುದೇ ಆಧಾರ.

ತಿದ್ದಿಕೊಂಡು ಓದಿ

ಸಂವಿಧಾನ, ಅರ್ಥಶಾಸ್ತ್ರ, ಕರ್ನಾಟಕದ ಪರಿಚಯ ಇವು ಈ ಗುಂಪಿನವು. ಸಂವಿಧಾನದ ವಿಧಿಗಳ ಸಂಖ್ಯೆ ಹಾಗೇ ಉಳಿದು, ತಿದ್ದುಪಡಿಗಳು ಅಲ್ಲಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಹಳೆಯ ಪುಸ್ತಕಕ್ಕೆ ಕೆಲವು ಪುಟದ ಟಿಪ್ಪಣಿ ಅಂಟಿಸಿಕೊಂಡರೆ ಸಾಮಾನ್ಯವಾಗಿ ಸಾಕು.

ಪುಸ್ತಕ ಯಾವ ಕಾಲದ್ದೆಂದು ತಿಳಿಯಲು ಕೇಂದ್ರಾಡಳಿತ ಪ್ರದೇಶಗಳ ಪುಟ ತೆರೆಯಿರಿ. 29 ರಾಜ್ಯ, 7 ಕೇಂದ್ರಾಡಳಿತ ಪ್ರದೇಶ ಎಂದಿದ್ದರೆ ಅದು 2019ರ ಅಕ್ಟೋಬರ್ 31ಕ್ಕೂ ಮುಂಚಿನದು. ಅಂದು ಜಮ್ಮು ಮತ್ತು ಕಾಶ್ಮೀರ ಎರಡು ಕೇಂದ್ರಾಡಳಿತ ಪ್ರದೇಶಗಳಾಗಿ ಲೆಕ್ಕ 28 ಮತ್ತು 9 ಆಯಿತು. ದಾದ್ರಾ ನಗರ ಹವೇಲಿ ಹಾಗೂ ದಮನ್ ದಿಯು ಒಂದಾದ 2020ರ ಜನವರಿ 26ರಿಂದ 28 ಮತ್ತು 8. ಲೋಕಸಭೆಯ ಗರಿಷ್ಠ ಸದಸ್ಯಬಲ 552 ಎಂದಿದ್ದರೆ, ಆಂಗ್ಲೋ ಇಂಡಿಯನ್ ನಾಮನಿರ್ದೇಶನ ಕೊನೆಗೊಂಡದ್ದು ಅದರಲ್ಲಿ ಸೇರಿಲ್ಲ, ಈಗಿನದು 550. ಮಹಿಳಾ ಮೀಸಲಾತಿಯ 106ನೇ ತಿದ್ದುಪಡಿ ಇಲ್ಲದಿದ್ದರೆ ಪುಸ್ತಕ 2023ರ ಸೆಪ್ಟೆಂಬರ್‌ಗಿಂತ ಹಿಂದಿನದು. ಕರ್ನಾಟಕಕ್ಕೆ 30 ಜಿಲ್ಲೆ ಎಂದಿದ್ದರೆ, 2021ರಲ್ಲಿ ರಚನೆಯಾದ ವಿಜಯನಗರ ಬಿಟ್ಟುಹೋಗಿದೆ.

ಅರ್ಥಶಾಸ್ತ್ರದಲ್ಲಿ ಹೆಚ್ಚು ಎಚ್ಚರ ಬೇಕು. ಸಣ್ಣ ಉದ್ಯಮಗಳ ವ್ಯಾಖ್ಯಾನ 2020ರಲ್ಲಿ ಬದಲಾಗಿ, 2025ರ ಏಪ್ರಿಲ್‌ನಲ್ಲಿ ಮತ್ತೆ ಬದಲಾಯಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೂ ಬೇರೆ. ಬೇಡಿಕೆ, ಪೂರೈಕೆ, ಹಣದುಬ್ಬರದ ಪಾಠಗಳನ್ನು ಹಳೆಯದರಲ್ಲೇ ಓದಿ, ದರ ಮತ್ತು ಯೋಜನೆಗಳನ್ನು ಈ ವರ್ಷದ ಆರ್ಥಿಕ ಸಮೀಕ್ಷೆ, ಬಜೆಟ್ ಸಾರಾಂಶಗಳಿಂದ ತುಂಬಿಕೊಳ್ಳಿ.

ಹೊಸದನ್ನೇ ಕೊಳ್ಳಿ

ಅಪರಾಧ ಕಾನೂನಿನ ಹಳೆಯ ಪುಸ್ತಕ ಈಗ ಬೇಡ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಹಳೆಯ ಸೆಕ್ಷನ್ ಪಕ್ಕದಲ್ಲಿ ಹೊಸ ಸಂಖ್ಯೆ ಬರೆದುಕೊಂಡರಾಯಿತು ಎನ್ನುವಂತಿಲ್ಲ. ಐಪಿಸಿಯ 511 ಸೆಕ್ಷನ್‌ಗಳು 358ಕ್ಕೆ ಇಳಿದಿವೆ, ಕ್ರಮವೇ ಬೇರೆಯಾಗಿದೆ. ಕೊಲೆಯ ಶಿಕ್ಷೆ 302ರಿಂದ 103ಕ್ಕೆ ಹೋಗಿದೆ. ಸಮುದಾಯ ಸೇವೆ ಹೊಸ ಶಿಕ್ಷೆಯಾಗಿ ಸೇರಿದೆ. ಪಿಎಸ್‌ಐ ಅಥವಾ ಕಾನೂನು ಪರೀಕ್ಷೆಗೆ ಓದುವವರು ಇಲ್ಲಿ ಉಳಿತಾಯ ನೋಡಬಾರದು. ಪ್ರಚಲಿತ ವಿದ್ಯಮಾನದ ಹಳೆಯ ವಾರ್ಷಿಕ ಪುಸ್ತಕಗಳಿಗೂ ದುಡ್ಡು ಹಾಕಬೇಡಿ.

ನೀಟ್, ಸಿಇಟಿ ಬರೆಯುವವರು

ಇಲ್ಲಿ ಎರಡನ್ನು ಬೇರೆ ಬೇರೆಯಾಗಿ ನೋಡಬೇಕು: ಪಠ್ಯಕ್ರಮ ಮತ್ತು ಪ್ರಶ್ನೆಪತ್ರಿಕೆಯ ಮಾದರಿ. 2024ಕ್ಕೆ ನೀಟ್ ಪಠ್ಯಕ್ರಮ ಕಡಿಮೆಯಾಯಿತು. 2025ರಿಂದ ಐಚ್ಛಿಕ ಪ್ರಶ್ನೆಗಳು ಹೋಗಿ, 180 ನಿಮಿಷಕ್ಕೆ 180 ಪ್ರಶ್ನೆಗಳ ಕ್ರಮ ಮರಳಿತು. ಹಾಗಾಗಿ 2022ರ ಅಣಕು ಪರೀಕ್ಷೆಯ ಪುಸ್ತಕ ಅಭ್ಯಾಸಕ್ಕೆ ಉಪಯುಕ್ತವೇ. ಗಡಿಯಾರ ಇಟ್ಟುಕೊಂಡು ಬರೆಯಲು ಮಾತ್ರ ಹೊಸದು ಬೇಕು. 2024ರ ಸಿಇಟಿಯಲ್ಲಿ ಪಠ್ಯಕ್ರಮದಿಂದ ಕೈಬಿಟ್ಟಿದ್ದ ಭಾಗದ ಪ್ರಶ್ನೆಗಳು ಬಂದು ದೊಡ್ಡ ಗದ್ದಲವಾಯಿತು. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಲಾಯಿತು. ಹಳೆಯ ಪುಸ್ತಕ ಓದುವ ಮುನ್ನ ಪ್ರಕಟಿತ ಪಠ್ಯಕ್ರಮ ಮುಂದಿಟ್ಟುಕೊಂಡು, ಬಿಟ್ಟುಹೋದ ಅಧ್ಯಾಯಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಹೊಡೆಯಿರಿ. ಓದುವ ಸಮಯ ಉಳಿಯುತ್ತದೆ.

ಕೊಳ್ಳುವ ಮೊದಲು ಹೋಲಿಸಿ

ಗ್ರಂಥಾಲಯದಲ್ಲೋ ಅಂಗಡಿಯಲ್ಲೋ ಹೊಸ ಆವೃತ್ತಿಯನ್ನು ಕೈಗೆತ್ತಿಕೊಳ್ಳಿ. ಮೊದಲು ಒಳಗಿನ ಮುದ್ರಣ ವಿವರ ನೋಡಿ. ಮರುಮುದ್ರಣ ಎಂದಷ್ಟೇ ಇದ್ದರೆ ಒಳಗಿನದೆಲ್ಲ ಹಳೆಯದೇ, ಕೊಳ್ಳುವ ಅಗತ್ಯವಿಲ್ಲ. ಪರಿಷ್ಕೃತ ಎಂದಿದ್ದರೆ ಮುನ್ನುಡಿಯಲ್ಲಿ ಏನೇನು ಸೇರಿಸಿದ್ದಾರೆಂದು ಓದಿ. ಬಳಿಕ ಎರಡರ ಪರಿವಿಡಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ, ಮೇಲೆ ಹೇಳಿದ ಪುಟಗಳನ್ನು ತೆರೆದು ನೋಡಿ. ಕೊನೆಗೆ ಸೇರಿಸಿದ ಹಿಂದಿನ ವರ್ಷದ ಪ್ರಶ್ನೆಗಳಷ್ಟೇ ಹೊಸದಾಗಿದ್ದರೆ, ಆ ಪತ್ರಿಕೆಗಳು ಪರೀಕ್ಷಾ ಸಂಸ್ಥೆಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆಯೇ ಎಂದು ನೋಡಿ. ವ್ಯತ್ಯಾಸ ಟಿಪ್ಪಣಿ ಪುಸ್ತಕದ ನಾಲ್ಕಾರು ಪುಟಕ್ಕೆ ಹಿಡಿಸುವಷ್ಟಿದ್ದರೆ ಬರೆದುಕೊಳ್ಳಿ. ಇಡೀ ಅಧ್ಯಾಯಗಳೇ ಬದಲಾಗಿದ್ದರೆ ಕೊಂಡುಬಿಡಿ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗಲೂ ಉತ್ತರಸೂಚಿಯನ್ನು ಕಣ್ಣುಮುಚ್ಚಿ ನಂಬಬೇಡಿ. 2018ರಲ್ಲಿ ಸರಿಯಾಗಿದ್ದ ಉತ್ತರ ಇಂದು ತಪ್ಪಾಗಿರಬಹುದು. ಪರೀಕ್ಷೆಯ ಅಧಿಸೂಚನೆ ಬಂದ ದಿನವೇ ನಿಮ್ಮ ಪುಸ್ತಕಗಳನ್ನು ಈ ಮೂರು ಗುಂಪಾಗಿ ವಿಂಗಡಿಸಿ, ಮೂರನೆಯದಕ್ಕೆ ಮಾತ್ರ ಹಣ ತೆಗೆದಿಡಿ.