ನಿನ್ನ ‘ಸ’ ಎಲ್ಲಿದೆ, ಪುಟ್ಟಿ?

ದಸರಾ ರಜಕ್ಕೆ ಹಾಸನದಿಂದ ಆನೇಮಹಲ್‌ಗೆ ಬಂದ ನನ್ನ ಮೊಮ್ಮಗಳು ಈ ಸಲ ತೋಟದ ಕಡೆ ತಲೆಯೇ ಹಾಕಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜಗಲಿಯ ಮೂಲೆ ಹಿಡಿದಳು. ಎರಡನೇ ದಿನ ಅವಳ ಅಜ್ಜಿ ಮೆಲ್ಲನೆ ವಿಷಯ ಹೊರತೆಗೆದಳು. ಏಳನೇ ಕ್ಲಾಸಿನ ಹುಡುಗಿ ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡಲು ಹೆಸರು ಕೊಟ್ಟಿದ್ದಾಳೆ. ಅಭ್ಯಾಸದಲ್ಲಿ ದನಿ ಒಡೆದು ಎಲ್ಲರೂ ನಕ್ಕಿದ್ದಾರೆ. ರಜ ಮುಗಿದ ಕೂಡಲೇ ಹೆಸರು ತೆಗೆಸಿಬಿಡುತ್ತಾಳಂತೆ.

ಹಾಡು 2006ರ ‘ಮುಂಗಾರು ಮಳೆ’ ಸಿನಿಮಾದ ‘ಅನಿಸುತಿದೆ’. ಜಯಂತ ಕಾಯ್ಕಿಣಿ ಬರೆದು, ಮನೋ ಮೂರ್ತಿ ಸಂಗೀತ ಕೊಟ್ಟು, ಸೋನು ನಿಗಮ್ ಹಾಡಿದ್ದು. ಅವಳು ಹುಟ್ಟುವ ಮೊದಲಿನದು. ನನ್ನ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು.

ನಾನೋ ಸುಮ್ಮನಿರಬೇಕಾದಲ್ಲಿ ಬಾಯಿ ಹಾಕಿದೆ. “ಈಗಿನ ಹಾಡಿಗೆ ರಾಗ ಎಲ್ಲಿದೆ ಪುಟ್ಟಿ? ಹಾಡಿದರೆ ‘ಜೀವನ ಚೈತ್ರ’ದ ‘ನಾದಮಯ’ ಹಾಡಬೇಕು. ತೋಡಿ ರಾಗ! ಅಣ್ಣಾವ್ರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು” ಅಂದೆ. ಅವಳು ಎದ್ದು ಒಳಗೆ ಹೋದಳು. ಅಜ್ಜಿ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಮರುದಿನ ಅಟ್ಟದಿಂದ ಹಾರ್ಮೋನಿಯಂ ಇಳಿಸಿದೆ. ನಮ್ಮ ಮಲೆನಾಡಿನ ಮಳೆಗಾಲ ಕಳೆದ ಮೇಲೆ ಅದರ ಎರಡು ಮೂರು ಮನೆ ಒತ್ತಿದರೆ ಮೇಲೇಳುವುದಿಲ್ಲ. ಬಿಸಿಲಿಗಿಟ್ಟು, ಒರೆಸಿ, ತಿದಿ ಎಳೆದಾಗ ಸದ್ದು ಕೇಳಿ ಅವಳೇ ಹೊರಗೆ ಬಂದಳು.

“ಹಾಡು ನೋಡೋಣ.”

ಫೋನಿನಲ್ಲಿ ಬರುವ ವಾದ್ಯಕ್ಕೆ ಸರಿಯಾಗಿ ಹಾಡಿದಳು. ಕೆಳಗಿನ ಸ್ವರ ಬಂದಾಗ ದನಿ ಗಂಟಲಲ್ಲೇ ಉಳಿಯಿತು. ಅದನ್ನೇ ಮೇಲಿನ ಸ್ಥಾಯಿಗೆ ಎತ್ತಿದರೆ ಕಿರುಚಿದಂತಾಯಿತು. ನನಗೆ ತಟ್ಟನೆ ಹೊಳೆಯಿತು. ತಪ್ಪು ಅವಳ ದನಿಯದಲ್ಲ. ಅದು ಗಂಡಸಿನ ಶ್ರುತಿ!

ಕಛೇರಿಗಳಲ್ಲಿ ಗಂಡಸರು ಸಾಮಾನ್ಯವಾಗಿ ಒಂದು ಮನೆ ಶ್ರುತಿಯ ಆಸುಪಾಸಿನಲ್ಲಿ ಹಾಡುತ್ತಾರೆ, ಹೆಂಗಸರು ಐದು ಮನೆಯ ಆಸುಪಾಸಿನಲ್ಲಿ. ‘ಸ’ಗೆ ಇಂಥದೇ ಜಾಗ ಎಂದಿಲ್ಲ. ಹಾಡುವವರು ಎಲ್ಲಿ ಇಟ್ಟರೆ ಅಲ್ಲೇ ‘ಸ’. ಉಳಿದ ಸ್ವರಗಳೆಲ್ಲ ಅದರಿಂದ ಅಷ್ಟಷ್ಟೇ ದೂರದಲ್ಲಿ ಬಂದು ಕೂರುತ್ತವೆ. ಕರಿ ಬಿಳಿ ಸೇರಿ ಒಂದು ಸ್ಥಾಯಿಗೆ 12 ಮನೆ. ಒಂದೊಂದೇ ಮನೆ ಮೇಲೆ ಸರಿಸುತ್ತ ಹೋದೆ. ಐದನೆಯದಕ್ಕೆ ಬಂದಾಗ ಕೆಳಗಿನ ಸ್ವರವೂ ಕೇಳಿಸಿತು, ಮೇಲಿನದೂ ಸಲೀಸಾಗಿ ಬಂತು. “ತಾತ, ಫೋನಲ್ಲೂ ಹೀಗೆ ಸರಿಸಬಹುದು” ಅಂದಳು. ಏನೋ ಒತ್ತಿ ‘ಪ್ಲಸ್ ಐದು’ ಮಾಡಿದಳು. ಅದೇ ಹಾಡು, ಅದೇ ವಾದ್ಯ, ಅವಳ ಶ್ರುತಿಯಲ್ಲಿ!

ಮಕ್ಕಳೇ, ‘ಸ’ದ ಮಹಿಮೆ ನೋಡಬೇಕೆಂದರೆ ಕೀಬೋರ್ಡಿನ ಕರಿ ಮನೆಗಳನ್ನಷ್ಟೇ ಒತ್ತಿ. ಅವು ಎರಡು ಮತ್ತು ಮೂರರ ಗುಂಪಿನಲ್ಲಿರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ‘ಸ’ ಎಂದುಕೊಂಡು ಐದೂ ಕರಿ ಮನೆ ಹತ್ತಿಹೋಗಿ: ಮೋಹನ ರಾಗದ ಸ್ವರಗಳು. ಅದೇ ಗುಂಪಿನ ಮೂರನೆಯದರಿಂದ ಶುರು ಮಾಡಿ: ಹಿಂದೋಳ. ಮನೆಗಳು ಅವೇ ಐದು, ‘ಸ’ ಮಾತ್ರ ಬದಲು. ವಿದ್ವಾಂಸರು ಇದನ್ನು ಗ್ರಹಭೇದ ಅನ್ನುತ್ತಾರೆ.

ಈಗ ಅವಳ ಸರದಿ. ಕೀಬೋರ್ಡ್ ಕ್ಲಾಸಿನ ಅಭ್ಯಾಸದ ಹಾಳೆ ತಂದು ಮುಂದಿಟ್ಟಳು. ‘ಸಿ, ಜಿ, ಎ ಮೈನರ್, ಎಫ್’ ಎಂದಿತ್ತು. “ಇವು ಕಾರ್ಡ್ ತಾತ, ಮೂರು ಮೂರು ಮನೆ ಒಟ್ಟಿಗೆ ಒತ್ತಬೇಕು.” ‘ಸಿ’ಯನ್ನು ‘ಸ’ ಎಂದುಕೊಂಡು ಬಿಡಿಸಿದೆ. ಮೊದಲನೆಯದು ಸ-ಗ-ಪ, ಎರಡನೆಯದು ಪ-ನಿ-ರಿ, ಆಮೇಲೆ ದ-ಸ-ಗ, ಕೊನೆಗೆ ಮ-ದ-ಸ. ಎಲ್ಲವೂ ನಮ್ಮ ಶಂಕರಾಭರಣದ ಸ್ವರಗಳೇ! 1970ರಲ್ಲಿ ಬೀಟಲ್ಸ್ ತಂಡ ಹೊರತಂದ ‘ಲೆಟ್ ಇಟ್ ಬಿ’ ಹಾಡು ಶುರುವಾಗುವುದು ಇದೇ ನಾಲ್ಕರಿಂದ, ಇದೇ ಸರದಿಯಲ್ಲಿ. ಆಮೇಲೆ ಇವನ್ನೇ ಬಳಸಿದ ಹಾಡುಗಳಿಗೆ ಲೆಕ್ಕವಿಲ್ಲ.

“ನೀನು ‘ಸ’ ಹಿಡಿದುಕೋ ತಾತ, ಬಿಡಬೇಡ” ಅಂದಳು. ಹಿಡಿದೆ. ಅವಳು ಸ-ಗ-ಪ ಒತ್ತಿದಳು; ಮನೆಗೆ ಬಂದು ಕೂತಂತಾಯಿತು. ದ-ಸ-ಗ ಒತ್ತಿದಳು, ಅದೇ ನನ್ನ ‘ಸ’ ಯಾರನ್ನೋ ಬಸ್ಸು ಹತ್ತಿಸಿ ಬಂದಂತೆ ಸಪ್ಪಗಾಯಿತು. ಪ-ನಿ-ರಿ ಒತ್ತಿದಾಗ ನನ್ನ ದನಿ ಅದಕ್ಕೆ ತಿಕ್ಕಾಡಿ, ‘ನಿ’ಗೆ ಇಳಿಯೋಣ ಅನ್ನಿಸಿತು. ನಾನು ಕದಲಿರಲಿಲ್ಲ, ನನ್ನ ಕೆಳಗಿನ ನೆಲ ಕದಲಿತ್ತು. ನಮ್ಮ ತಂಬೂರಿ ಹಾಡು ಮುಗಿಯುವವರೆಗೆ ಒಂದೇ ನೆಲ ಹಾಸಿ ಕೊಡುತ್ತದೆ. ಅದರ ಮೇಲೆ ರಾಗ ಗಮಕ ತೂಗುತ್ತ ಓಡಾಡುತ್ತದೆ. ಇವರ ಹಾಡಿನಲ್ಲಿ ರಾಗ ಎರಡು ಹೆಜ್ಜೆ ಇಟ್ಟರೂ ಸಾಕು, ನೆಲವೇ ಬಣ್ಣ ಬದಲಿಸುತ್ತದೆ. ಐವತ್ತು ವರ್ಷ ಭಜನೆಗೆ ಹಾರ್ಮೋನಿಯಂ ಹಿಡಿದ ನನಗೆ ಇದು ಗೊತ್ತೇ ಇರಲಿಲ್ಲ.

ನನ್ನ ವಯಸ್ಸಿನವರಿಗೆ ಒಂದು ಗುಟ್ಟು. ಈ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. ಗಮಕ ನುಡಿಸಲು ಬಾರದ ಪೆಟ್ಟಿಗೆ ಎಂದು ದೂರಿ 1940ರಲ್ಲಿ ಆಕಾಶವಾಣಿ ಇದನ್ನು ಹೊರಗಿಟ್ಟಿತ್ತು; ಮತ್ತೆ ಒಳಗೆ ಬಿಡಲು ಸುಮಾರು 30 ವರ್ಷ ಹಿಡಿಯಿತು. ಇಂಥ ಪೆಟ್ಟಿಗೆ ಮುಂದಿಟ್ಟುಕೊಂಡು ನಾನು ಕೀಬೋರ್ಡನ್ನು ಹಂಗಿಸುತ್ತಿದ್ದೆ! ಇದನ್ನು ಅವಳಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಳು.

ರಜ ಮುಗಿಸಿ ಹೋದವಳು ಸಂಜೆ ಫೋನ್ ಮಾಡುತ್ತಾಳೆ. ಹೆಸರು ತೆಗೆಸಿಲ್ಲ. ನಾನು ಇಲ್ಲಿ ನುಡಿಸಿದ್ದು ಅಲ್ಲಿಗೆ ಅರ್ಧ ಗಳಿಗೆ ತಡವಾಗಿ ತಲುಪಿ ತಾಳವೆಲ್ಲ ಎಡವಟ್ಟಾಗುತ್ತದೆ. ಹಾಗಾಗಿ ಈಗ ಹಾಡಿಗೆ ಮೊದಲು ಅವಳ ‘ಸ’ ಮಾತ್ರ ಒತ್ತಿ ಹಿಡಿಯುತ್ತೇನೆ. ಅದನ್ನು ಹಿಡಿದುಕೊಂಡು ಅವಳು ಶುರು ಮಾಡುತ್ತಾಳೆ. ನಾನು ತಿದಿ ಬಿಟ್ಟು ಕೇಳುತ್ತ ಕೂರುತ್ತೇನೆ.